ಗೊಬ್ಬರದಂಗಡಿಯ ಜಿಂಕ್

ನನ್ನ ಮುಖ ಎರಡು ಸಲ ಸುಟ್ಟಿದೆ. ಮೊದಲನೆಯ ಸಲ ಸೊಸೆ ಬೆಳ್ಳಗಾಗಲಿ ಎಂದು ಅತ್ತೆ ಸುಟ್ಟರು. ಎರಡನೆಯ ಸಲ ತನ್ನ ಮಾತು ಮೇಲಾಗಲಿ ಎಂದು ಗಂಡ ಸುಟ್ಟ. ಎರಡೂ ಸಲ ಮನೆಯವರು ಹೇಳಿದ್ದು ಒಂದೇ: "ನಿನ್ನ ಛಲೋದಕ್ಕ ಮಾಡೀವಿ."

ನನ್ನ ಹೆಸರು ಶಾಂಭವಿ. ತವರು ಕುಷ್ಟಗಿ. ಅಲ್ಲಿಯ ಬಿಸಿಲುಂಡು ಬೆಳೆದ ಬಣ್ಣ ನನ್ನದು, ನನಗೆ ಅದರ ಬಗ್ಗೆ ತಕರಾರು ಇರಲಿಲ್ಲ. ಸಿದ್ದಾಪುರದ ಗೊಬ್ಬರದ ವ್ಯಾಪಾರಿ ಕಲ್ಲೇಶನ ಹೆಂಡತಿಯಾಗಿ ಕಾಲುವೆ ನೀರಿನ ಊರಿಗೆ ಬಂದಾಗ ತಕರಾರು ಶುರುವಾಯಿತು. ಅತ್ತೆ ವಿರೂಪಾಕ್ಷಮ್ಮ ನನ್ನನ್ನು ಅಂಗಳಕ್ಕೆ ಕರೆದು, ದಲಾಲರು ಭತ್ತದ ಕಾಳು ಅಂಗೈ ಮೇಲೆ ಉಜ್ಜಿ ನೋಡುವಂತೆ ನೋಡಿದರು. ಆಮೇಲೆ ಗಂಗಾವತಿಯ ಯಾವುದೋ ಪಾರ್ಲರಿನಿಂದ ಒಂದು ಡಬ್ಬಿ ತರಿಸಿದರು. ಅದರ ಮೇಲೆ ಹೆಸರಿಲ್ಲ, ಊರಿಲ್ಲ, ಒಳಗೇನಿದೆ ಎಂದು ಹೇಳುವ ಒಂದಕ್ಷರವೂ ಇಲ್ಲ.

ಹಚ್ಚಿದ ಸ್ವಲ್ಪ ದಿನಕ್ಕೆ ಮುಖ ಬೆಳ್ಳಗಾಯಿತು. ಓಣಿಯವರು ಅತ್ತೆಗೆ, "ಸೊಸಿನ್ನ ಬದಲಿ ಮಾಡೀರೇನ್ರಿ?" ಎಂದರು. ಅತ್ತೆ ಹಿಗ್ಗಿ ಹೀರೇಕಾಯಿ ಆದರು. ಇನ್ನೂ ಕೆಲವು ತಿಂಗಳಿಗೆ ಅದೇ ಮುಖ ಕೆಂಪಾಯಿತು, ಗಲ್ಲದ ಮೇಲೆ ಸಣ್ಣ ನರ ಎದ್ದವು, ತುಟಿಯ ಸುತ್ತ ಕೂದಲು ಬಂತು. ನಾಟಿಯ ಆಳುಗಳನ್ನು ನೋಡಿಕೊಳ್ಳಲು ಹೊಲದ ಬದುವಿನ ಮೇಲೆ ನಿಂತರೆ ಹಸಿಮೆಣಸಿನಕಾಯಿ ಅರೆದು ಬಳಿದಂತೆ ಉರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವ್ವ ಸುಮ್ಮನೆ ಹೇಳುತ್ತಿರಲಿಲ್ಲ.

ಗಂಗಾವತಿಯ ಚರ್ಮದ ಡಾಕ್ಟರಮ್ಮ ಡಬ್ಬಿ ತೆರೆದು ಮೂಸಿ, ಕಸದ ಬುಟ್ಟಿಗೆ ಒಗೆದರು.

"ಇದರಾಗ ಸ್ಟೆರಾಯ್ಡ್ ಕಲಿಸಿರ್ತಾರವ್ವಾ. ನಿನ್ನ ಚರ್ಮ ಉಳ್ಳಾಗಡ್ಡಿ ಸಿಪ್ಪಿ ಆಗೈತಿ. ಇನ್ನ ಮ್ಯಾಲ ಹಿಂದಿನ ಸಣ್ಣ ಅಕ್ಷರ ಓದಲಾರದ ಮುಖಕ್ಕ ಏನೂ ಹಚ್ಚಬ್ಯಾಡ."

ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಲೇಬೇಕು ಎಂದರು. ಯಾವುದು ಎಂದು ಕೇಳಿದೆ. ಹೆಸರು ಹೇಳಲಿಲ್ಲ, ಓದುವುದನ್ನು ಹೇಳಿಕೊಟ್ಟರು. ಜಿಂಕ್ ಆಕ್ಸೈಡ್, ಇಲ್ಲವೇ ಟೈಟಾನಿಯಂ ಡೈಆಕ್ಸೈಡ್ ಇರಬೇಕು. ಇವು ಚರ್ಮದ ಮೇಲೆಯೇ ಕೂತು ಬಿಸಿಲನ್ನು ತಡೆಯುತ್ತವೆ, ಸುಟ್ಟ ಚರ್ಮವನ್ನು ಕೆಣಕುವುದು ಕಡಿಮೆ. ಸುವಾಸನೆ ಬೆರೆಸಿದ್ದು ಬೇಡ. ಬೆಳ್ಳಗೆ ಮಾಡುತ್ತೇನೆ ಎನ್ನುವುದಂತೂ ಬೇಡವೇ ಬೇಡ. ಬಿಟಾಮೆಥಾಸೋನ್, ಕ್ಲೋಬೆಟಸಾಲ್, ಹೈಡ್ರೋಕ್ವಿನೋನ್ ಎಂಬ ಹೆಸರು ಕಂಡರೆ ಡಾಕ್ಟರು ಬರೆದುಕೊಡದೆ ಮುಟ್ಟಬೇಡ. ಹೊಸದನ್ನು ತಂದಾಗ ಮೊದಲು ಕಿವಿಯ ಹಿಂದೆ ಹಚ್ಚಿ ನೋಡು. ನಾನು ಬೀಗರ ಹೆಸರು ಮರೆತೇನು, ಆ ಹೆಸರುಗಳನ್ನು ಇವತ್ತಿಗೂ ಮರೆತಿಲ್ಲ.

ನಮ್ಮೂರಿನ ಮೆಡಿಕಲ್ ಅಂಗಡಿ ವೆಂಕೋಬನದು. ಮೆತ್ತಗಿನ ಮನುಷ್ಯ, ಗಿರಾಕಿ ಜೋರು ಮಾಡಿದರೆ ತಾನೇ ಕೈ ಮುಗಿಯುವವನು. ಅವನ ಕೌಂಟರಿನ ಮೇಲೆ ಟ್ಯೂಬುಗಳನ್ನು ಸಾಲಾಗಿ ಇಟ್ಟು, ಅವನ ಭೂತಗನ್ನಡಿ ಹಿಡಿದು, ಇಬ್ಬರೂ ಓದಿದೆವು. ಒಂದರಲ್ಲಿ ಸುವಾಸನೆ. ಒಂದರ ತಾರೀಖು ಮುಗಿದಿತ್ತು, ವೆಂಕೋಬ ನಾಲಿಗೆ ಕಚ್ಚಿಕೊಂಡು ಕೆಳಗೆ ಇಟ್ಟ. ಬೆಳ್ಳಗೆ ಮಾಡುತ್ತೇನೆ ಎಂದು ಬರೆದಿದ್ದ ಇನ್ನೊಂದನ್ನು ನಾನು ಕೈಗೆ ತೆಗೆದುಕೊಂಡರೆ ಅವನೇ ಕಸಿದುಕೊಂಡ.

"ಇದನ್ನ ಮಾರಾಕಂತನ ಇಟ್ಟೀನ್ರಿ ಅಕ್ಕಾರ. ಆದರ ನಿಮಗ ಕೊಡಂಗಿಲ್ಲ."

ಕೊನೆಗೆ ಜಿಂಕ್ ಆಕ್ಸೈಡ್ ಇದ್ದ, ವಾಸನೆಯಿಲ್ಲದ ಒಂದು ಟ್ಯೂಬು ಸಿಕ್ಕಿತು. ಹಚ್ಚಿದರೆ ವಿಭೂತಿ ಬಳಿದಂತೆ ಕಾಣುತ್ತಿದ್ದೆ, ಆಳುಗಳು ನಕ್ಕರು. ನಗಲಿ ಬಿಡು ಎಂದುಕೊಂಡೆ, ಉರಿ ನಿಂತಿತ್ತು. ಚಳಿಗಾಲ ಕಳೆಯುವುದರೊಳಗೆ ಕೆಂಪು ಇಳಿಯಿತು. ಕನ್ನಡಿಯಲ್ಲಿ ನನ್ನ ಹಳೆಯ ಕಪ್ಪು ಮುಖ ತಿರುಗಿ ಬರುತ್ತಿರುವುದನ್ನು ನೋಡಿ ನನಗೆ ಅಳು ಬಂತು, ಅಷ್ಟು ಖುಷಿಯಾಗಿತ್ತು.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಬೇಸಿಗೆ ಬೆಳೆಗೆ ಹಳದಿ ಬಿದ್ದು, ಊರಿನ ರೈತರೆಲ್ಲ ಜಿಂಕ್ ಜಿಂಕ್ ಎಂದು ನಮ್ಮ ಅಂಗಡಿಗೆ ಮುಗಿಬೀಳುವ ಕಾಲ ಅದು. ಎರೆಹೊಲದ ಭತ್ತ ಹಳದಿ ಬಿದ್ದರೆ ಜಿಂಕ್ ಹಾಕಬೇಕು, ಹಾಕಿದರೆ ಹಸಿರಾಗುತ್ತದೆ. ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಮುಖಕ್ಕೆ ಹಚ್ಚಿಕೊಂಡು ಹೊಲಕ್ಕೆ ಹೊರಟಿದ್ದೆ. ಕಲ್ಲೇಶ ಗಡ್ಡ ಕೆರೆಸಿಕೊಂಡು, ಗಲ್ಲ ಒರೆಸುತ್ತ ಒಳಗೆ ಬಂದ. ಬರುವಾಗಲೇ ಅವನ ಮೂಗಿನ ಹೊಳ್ಳೆ ಅರಳಿದ್ದವು. ಕಟಿಂಗ್ ಅಂಗಡಿಯಲ್ಲಿ ಯಾರೋ ಕಿವಿ ಊದಿದ್ದರು.

"ವೆಂಕೋಬನ ಅಂಗಡಿಯಾಗ ತಾಸುಗಟ್ಲೆ ನಿಂದರ್ತೀಯಂತ? ತಲಿಗೆ ತಲಿ ಹಚ್ಚಿ ಏನ ಓದ್ತೀರಿ ಇಬ್ಬರೂ?"

ಟ್ಯೂಬು ತೋರಿಸಿದೆ. ಅದೇ ನಾನು ಮಾಡಿದ ತಪ್ಪು ಎಂದು ಅತ್ತೆ ಈಗಲೂ ಹೇಳುತ್ತಾರೆ. ಅವನು ತಿರುವಿ ತಿರುವಿ ಓದಿದ. ಜಿಂಕ್ ಎಂಬ ಅಕ್ಷರ ಕಂಡದ್ದೇ ಮೊದಲು ನಕ್ಕ, ಆಮೇಲೆ ಮುಖ ಕಪ್ಪಿಟ್ಟಿತು.

"ಜಿಂಕ್? ನಾಕ ಊರಿಗೆ ಜಿಂಕ್ ಮಾರಾಂವ ನಾನು. ನನ್ನ ಹೆಂಡ್ತಿ ಮಂದಿ ಅಂಗಡಿಗೆ ಹೋಗಿ, ಹೆಬ್ಬೆಟ್ಟಿನಷ್ಟು ಟ್ಯೂಬಿನಾಗ ಜಿಂಕ್ ತರ್ತಾಳ? ಹಿತ್ತಲ ಗಿಡ ಮದ್ದಲ್ಲ ಅನ್ನೂದು ಸುಳ್ಳಲ್ಲ ನೋಡು!"

"ಇದು ಬ್ಯಾರೇರಿ," ಎಂದೆ. "ಇದು ಆಕ್ಸೈಡ್. ನಮ್ಮ ಅಂಗಡಿಯಾಗಿಂದು ಸಲ್ಫೇಟ್. ಅದು ನೀರಾಗ ಕರಗಿ ಬೇರಿಗೆ ಹೋಗೂದು, ಇದು ಕರಗಲಾರದ ಮ್ಯಾಲ ಕುಂದರೂದು."

"ಜಿಂಕ್ ಅಂದರ ಜಿಂಕ್."

"ಉಪ್ಪಿನಾಗೂ ಸೋಡಿಯಂ ಐತಿ, ಸಂಡಾಸ ತೊಳಿಯೂ ಕಾಸ್ಟಿಕ್‌ನಾಗೂ ಸೋಡಿಯಂ ಐತಿ. ನಾಳಿ ಸಾರಿಗೆ ಕಾಸ್ಟಿಕ್ ಹಾಕ್ಲೇನ್ರಿ?"

ಕೆನ್ನೆಗೆ ಬಿತ್ತು. ಕಿವಿಯ ಓಲೆ ಹಾರಿ ಒಲೆಯ ಕಟ್ಟೆಯ ಕೆಳಗೆ ಹೋಯಿತು. ನಾನು ಬಾಯಿ ಮುಚ್ಚುವ ಜಾತಿಯವಳಲ್ಲ, ಹೊಡೆದರೆ ಆಕ್ಸೈಡ್ ಸಲ್ಫೇಟ್ ಆಗುತ್ತದೇನು ಎಂದು ಕೇಳಿದೆ. ಎರಡನೆಯ ಏಟು ಮುಷ್ಟಿಯದು.

ಟ್ಯೂಬನ್ನು ಮೆಟ್ಟಿ ಒಡೆದ. ಅಟ್ಟದ ಮೇಲಿದ್ದ ಜಿಂಕಿನ ಚೀಲ ಇಳಿಸಿ, ಸಕ್ಕರೆಯಂಥ ಆ ಹರಳುಗಳನ್ನು ಕಲಬತ್ತಿನಲ್ಲಿ ಕುಟ್ಟಿದ, ನೀರು ಹಾಕಿ, ಕೊಬ್ಬರಿ ಎಣ್ಣೆ ಹಾಕಿ, ಬಟ್ಟಲಿನಲ್ಲಿ ಕಲಸಿದ. ಅವನು ಅಷ್ಟು ಶ್ರದ್ಧೆಯಿಂದ ನನಗಾಗಿ ಏನನ್ನಾದರೂ ಮಾಡಿದ್ದು ಅದೇ ಮೊದಲು. ಆಮೇಲೆ ನನ್ನ ಜಡೆ ಕೈಗೆ ಸುತ್ತಿಕೊಂಡು ಗೋಡೆಗೆ ಒತ್ತಿ ಹಿಡಿದ.

"ಅತ್ತಿಯಾರ!" ಎಂದು ಕೂಗಿದೆ. ಅತ್ತೆ ಬಂದರು. ಬಂದು ನನ್ನ ಎರಡೂ ಕೈ ಹಿಡಿದರು. "ಸುಮ್ನಿರವ್ವಾ, ಗಂಡ ಹಚ್ಚೂದು ಔಷಧ ಅನ್ಕೋ," ಎಂದರು.

ಅವನು ಹಚ್ಚಿದ. ಹಣೆಗೆ, ಗಲ್ಲಕ್ಕೆ, ಮೂಗಿಗೆ, ರೆಪ್ಪೆಯ ಮೇಲೆ. ಡಾಕ್ಟರಮ್ಮ ಉಳ್ಳಾಗಡ್ಡಿ ಸಿಪ್ಪೆ ಎಂದಿದ್ದ ಚರ್ಮದ ಮೇಲೆ ಆ ಹರಳು ತಿಕ್ಕಿದ. ಮೊದಲು ತಣ್ಣಗಾಯಿತು. ಆಮೇಲೆ ಮುಖವೇ ಒಂದು ಒಲೆಯಾಯಿತು. ನೀರು ನೀರು ಎಂದು ಒದ್ದಾಡಿದೆ, ಯಾರೂ ಕೊಡಲಿಲ್ಲ. ಅವನು ನನ್ನನ್ನು ಅಂಗಳಕ್ಕೆ ನೂಕಿ, "ಬಿಸಿಲಾಗ ನಿಂದರು, ತಡಿತೈತೋ ಇಲ್ಲೋ ನೋಡು," ಎಂದು ಬಾಗಿಲು ಹಾಕಿಕೊಂಡ. ನಲ್ಲಿ ಇರುವುದು ಒಳಗೆ. ಅವನು ಅಂಗಡಿಗೆ ಹೋದ ಮೇಲೆ ಅತ್ತೆ ಬಾಗಿಲು ತೆಗೆದಾಗ ನನ್ನ ಎಡಗಣ್ಣು ಮುಚ್ಚಿ ಹೋಗಿತ್ತು, ಗಲ್ಲದ ಮೇಲೆ ಗುಳ್ಳೆ ಎದ್ದು ಒಡೆದಿದ್ದವು.

ಅವನು ಊಟಕ್ಕೆ ಬಂದು ನನ್ನ ಮುಖ ನೋಡಿ ಹೆದರಿದ. ನಿಜವಾಗಿ ಹೆದರಿದ, ಅದರಲ್ಲಿ ನಾನು ಸುಳ್ಳು ಹೇಳುವುದಿಲ್ಲ. ತುತ್ತು ಕೈಯಲ್ಲೇ ಉಳಿಯಿತು. ಒಂದು ಕ್ಷಣ, ತಪ್ಪಾಯಿತು ಎನ್ನುತ್ತಾನೇನೋ ಅನ್ನಿಸಿತು. ಆದರೆ ಅವನು ತನ್ನ ಅಂಗೈ ನೋಡಿಕೊಂಡ. ಆ ಅಂಗೈ ಎಷ್ಟೋ ವರ್ಷದಿಂದ ಜಿಂಕ್ ಹಿಡಿದು, ಚೀಲ ಹೊತ್ತು, ಎತ್ತಿನ ಗೊರಸಿನಂತಾಗಿತ್ತು.

"ದಿನಾ ಹಿಡಿತೀನಿ. ನನ್ನ ಕೈ ಸುಟ್ಟಾವೇನು? ಜಿಂಕ್ ಸುಡೂದಿಲ್ಲ. ಮುಂಜಾನಿ ನೀ ಹಚ್ಕೊಂಡಿದ್ದೆಲ್ಲ, ಅದು ಸುಟ್ಟೈತಿ. ಆ ವೆಂಕೋಬ ಏನ ಕೊಟ್ಟಾನ ನಿನಗ?"

"ನೀವ ಸುಟ್ಟೀರಿ," ಎಂದೆ.

ಅವನಿಗೆ ಕೇಳಿಸಲಿಲ್ಲ. ಕೇಳಿಸಿಕೊಂಡರೆ ತನ್ನ ಕೈಯನ್ನೇ ನೋಡಬೇಕಾಗುತ್ತಿತ್ತು. ಅದಕ್ಕಿಂತ ಮಂದಿಯ ಕೈ ಮುರಿಯುವುದು ಸುಲಭ. ಕೈ ಕೂಡ ತೊಳೆಯದೆ ಎದ್ದು, ಶಟರ್ ಎಳೆಯುವ ಕಬ್ಬಿಣದ ಸರಳು ತೆಗೆದುಕೊಂಡು ಹೋದ. ನಮ್ಮ ಅಂಗಡಿಯ ಹಮಾಲರ ಮುಖ್ಯಸ್ಥ ಹನುಮೇಶ ಮತ್ತವನ ಜೋಡಿ ನಾಲ್ಕು ಮಂದಿ ಹಿಂದೆ ಓಡಿದರು.

ವೆಂಕೋಬನನ್ನು ಕೊಂದೇ ಬಿಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಅಡುಗೆಮನೆಯ ಮೂಲೆಯಲ್ಲಿ ಆ ಬಟ್ಟಲು ಇನ್ನೂ ಇತ್ತು, ಅರ್ಧ ಉಳಿದಿತ್ತು. ಅದನ್ನು ಸೆರಗಿನಲ್ಲಿ ಹಿಡಿದು, ಒಂದೇ ಕಣ್ಣಿನಲ್ಲಿ ದಾರಿ ನೋಡುತ್ತ ಓಡಿದೆ. ಅತ್ತೆ ಹಿಂದಿನಿಂದ, "ಮುಖ ಮುಚ್ಕೋ, ಮಂದಿ ನೋಡ್ತಾರ!" ಎಂದು ಕೂಗಿದರು.

ನಾನು ಮುಟ್ಟುವಷ್ಟರಲ್ಲಿ ಅರ್ಧ ಊರೇ ಅಲ್ಲಿತ್ತು. ಕೌಂಟರಿನ ಗಾಜು ರಸ್ತೆಯ ತನಕ ಚೆಲ್ಲಿತ್ತು. ವೆಂಕೋಬ ಅಂಗಡಿಯ ಮುಂದೆ ಮಣ್ಣಿನಲ್ಲಿ ಬಿದ್ದಿದ್ದ, ಬಾಯಿಂದ ರಕ್ತ ಸುರಿಯುತ್ತಿತ್ತು. ತಲೆಗೆ ಬೀಳುವ ಏಟಿಗೆ ಅವನು ಬಲಗೈ ಅಡ್ಡ ಹಿಡಿದ. ಸರಳು ಮಣಿಕಟ್ಟಿನ ಮೇಲೆ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದ ಸಪ್ಪಳ ನಾನು ನಿಂತಲ್ಲಿಗೂ ಕೇಳಿಸಿತು.

"ಏನ ತಪ್ಪ ಮಾಡೀನ್ರಿ ಅಣ್ಣಾರ?" ಎಂದು ಅವನು ಕೇಳುತ್ತಿದ್ದ. "ಏನಂತ ಹೇಳ್ರಿ, ಹೇಳಿ ಹೊಡೀರಿ."

"ನಿಲ್ಲಸ್ರಿ!" ಎಂದು ಕಿರುಚಿದೆ. ಜನ ತಿರುಗಿ ನೋಡಿದರು. ಕೆಟ್ಟದ್ದಾದದ್ದು ಆಗಲೇ. ನನ್ನ ಮುಖ ಕಂಡದ್ದೇ ಅವರ ಸಿಟ್ಟು ಇಮ್ಮಡಿಯಾಯಿತು. "ಅಯ್ಯಯ್ಯ, ಹೆಣ್ಮಗಳ ಮುಖ ನೋಡ್ರಿ ಏನ ಮಾಡ್ಯಾನ!" ಎಂದು ಒಬ್ಬ ವೆಂಕೋಬನ ಪಕ್ಕೆಗೆ ಒದ್ದ. ಅವನ ಹಿಂದೆ ಇನ್ನೊಬ್ಬ. ನನ್ನ ಮೇಲಿನ ಕನಿಕರಕ್ಕೆ ಅವರು ಅವನನ್ನು ತುಳಿಯುತ್ತಿದ್ದರು. ಅಂಥ ಕನಿಕರಕ್ಕೆ ಬೆಂಕಿ ಬೀಳಲಿ. ನಾನು ಹೋಗಿ ವೆಂಕೋಬನ ಮೇಲೆ ಅಡ್ಡ ಬಿದ್ದೆ. ಒಂದು ಒದೆ ನನ್ನ ಬೆನ್ನಿಗೆ ಬಿದ್ದ ಮೇಲೆ ಕಾಲುಗಳು ನಿಂತವು.

ಬಟ್ಟಲು ಎತ್ತಿ ಹಿಡಿದೆ. "ಇವರ ಕ್ರೀಮ ಅಲ್ಲ, ಇದು ಸುಟ್ಟದ್ದು ನನ್ನ ಮುಖ! ನಮ್ಮ ಅಂಗಡಿ ಜಿಂಕ್. ನನ್ನ ಗಂಡ ಜಡಿ ಹಿಡದು ಹಚ್ಚ್ಯಾನ!"

ಜನ ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿದ್ದವರೆಲ್ಲ ಭತ್ತ ಬೆಳೆಯುವವರೇ. ಒಬ್ಬ ಮುದುಕ ಸಮಾಧಾನವಾಗಿಯೇ ಹೇಳಿದ, "ಜಿಂಕ್ ಸುಡ್ತೈತೇನಬೇ ತಂಗಿ? ನಾವು ಬರಿಗೈಲೆ ಹೊಲಕ್ಕ ಉಗ್ಗತೀವಿ." ಹೌದು ಹೌದು ಎಂದರು ಉಳಿದವರು. ಗಂಡ ಒಬ್ಬನೇ ಅಲ್ಲ, ಊರಿಗೂರೇ ಜಿಂಕ್ ಅಂದರೆ ಜಿಂಕ್ ಎನ್ನುತ್ತಿತ್ತು.

ಕಲ್ಲೇಶ ಗೆದ್ದವನಂತೆ ಸರಳು ಊರಿ ನಿಂತ. "ಕೇಳಿದೆಲ್ಲ? ಸರಿ ಆ ಕಡಿ."

"ಸರೀತೀನಿ," ಎಂದೆ. "ಇದನ್ನ ನಿಮ್ಮ ಮುಖಕ್ಕ ಹಚ್ಕೊಳ್ರಿ. ನಂಗ ಹಚ್ಚಿದಷ್ಟ ಹಚ್ಕೊಂಡು ಬಿಸಿಲಾಗ ಕುಂದರ್ರಿ. ಏನೂ ಆಗಲಿಲ್ಲಂದರ ನಾನ ಸುಳ್ಳಿ. ಆಮ್ಯಾಲ ಯಾರನ್ನ ಬೇಕಾದರೂ ಹೊಡೀರಿ, ನಾ ಅಡ್ಡ ಬರಂಗಿಲ್ಲ."

ಜನಕ್ಕೆ ಇದು ಹಿಡಿಸಿತು. ಹನುಮೇಶ ಕೂಡ, "ಹಚ್ಕೊಳ್ರಿ ಸಾವ್ಕಾರ, ಗೊತ್ತಾಗ್ಲಿ ಮಂದಿಗೆ," ಎಂದ. ಬೇಡ ಎನ್ನಲು ಕಲ್ಲೇಶನಿಗೆ ದಾರಿಯಿರಲಿಲ್ಲ, ಬೇಡ ಅಂದರೆ ನಾಳೆ ಅವನ ಜಿಂಕ್ ಯಾರು ಕೊಳ್ಳುತ್ತಾರೆ? ಬಟ್ಟಲು ಕಸಿದುಕೊಂಡು ನಾಲ್ಕೂ ಬೆರಳಿನಿಂದ ಬಳಿದುಕೊಂಡ. ಹಣೆಗೆ, ಗಲ್ಲಕ್ಕೆ, ರೆಪ್ಪೆಗೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ, ನೆತ್ತಿಯ ಸೂರ್ಯನಿಗೆ ಮುಖ ಎತ್ತಿ ಕುಳಿತ.

ಏನೂ ಆಗಲಿಲ್ಲ.

ನಾನು ಕಾದೆ, ಎಲ್ಲರೂ ಕಾದರು. ಅವನ ಮುಖ ಬೆಳ್ಳಗೆ ಹೊಳೆಯುತ್ತಿತ್ತು ಅಷ್ಟೇ. ನನ್ನ ಚರ್ಮ ಅವನವ್ವನ ಡಬ್ಬಿ ತಿಂದ ಚರ್ಮ, ಅವನದು ಎಮ್ಮೆಯ ಚರ್ಮ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಯಾರೋ ನಕ್ಕರು. ಕಲ್ಲೇಶನೂ ನಕ್ಕ, ಹಲ್ಲು ಕಾಣುವಂತೆ ನಕ್ಕು ಎದ್ದು ನಿಂತ. "ಮುಗೀತಲ್ಲ ನಿನ್ನ ಸೈನ್ಸ್?" ಎಂದವನೇ ಸರಳು ಎತ್ತಿಕೊಂಡ. ಹನುಮೇಶ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ವೆಂಕೋಬ ಎಡಗೈಯಿಂದ ತಲೆ ಮುಚ್ಚಿಕೊಂಡು, ಮುದುಡಿ ಕಣ್ಣು ಮುಚ್ಚಿದ. ನನ್ನ ಮಾತಿನಿಂದಲೇ ಈ ಮನುಷ್ಯ ಸಾಯುತ್ತಾನೆ ಎಂದುಕೊಂಡೆ.

ಸರಳು ಮೇಲಕ್ಕೆ ಹೋದದ್ದು ಹಾಗೇ ನಿಂತಿತು. ಬಿಸಿಲಿಗೆ ಕುಳಿತಿದ್ದವನ ಹಣೆಯಲ್ಲಿ ಬೆವರು ಒಡೆದಿತ್ತು. ಅದು ಜಿಂಕನ್ನು ಕರಗಿಸಿಕೊಂಡು, ಹುಬ್ಬು ದಾಟಿ, ಎರಡೂ ಕಣ್ಣಿಗೆ ಇಳಿದಿತ್ತು. ಕಲ್ಲೇಶ ಒಮ್ಮೆ ತಲೆ ಕೊಡವಿದ. ಅಂಗೈಯಿಂದ ಕಣ್ಣು ಒರೆಸಿಕೊಂಡ, ಆ ಅಂಗೈಯೂ ಅದರಲ್ಲೇ ಅದ್ದಿದ್ದು. ಕೋಣವನ್ನು ಕಡಿದಾಗ ಬರುವಂಥ ದನಿ ಅವನ ಬಾಯಿಂದ ಬಂತು. ಸರಳು ಬಿತ್ತು, ಅವನೂ ಬಿದ್ದ. ಬೆಳಿಗ್ಗೆ ಕ್ಷೌರದ ಕತ್ತಿ ತಾಗಿದ ಜಾಗಗಳೆಲ್ಲ ಉರಿ ಹತ್ತಿ, ಮುಖ ಪರಚಿಕೊಳ್ಳುತ್ತ ಗಾಜಿನ ಚೂರುಗಳ ಮೇಲೆ ಹೊರಳಾಡಿದ. ಮೊಣಕೈ ಹರಿದು ರಕ್ತ ಬಂತು, ಅದರ ಪರಿವೆಯೂ ಅವನಿಗಿರಲಿಲ್ಲ.

ಜನ ಹಿಂದೆ ಸರಿದರು. ಹನುಮೇಶ ನನ್ನ ರಟ್ಟೆ ಬಿಟ್ಟು ತನ್ನ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಅಂಗಡಿಯ ಬಾಗಿಲಲ್ಲಿ ಕುಡಿಯುವ ನೀರಿನ ಕ್ಯಾನ್ ಇತ್ತು, ತುಂಬಿದ್ದು, ನನ್ನ ಕಾಲಿನ ಹತ್ತಿರವೇ. ನಾನು ಅದನ್ನು ನೋಡಿದೆ. ಮುಟ್ಟಲಿಲ್ಲ. ಹೋಗಲಿ, ಎರಡೂ ಕಣ್ಣು ಹೋಗಲಿ ಎಂದುಕೊಂಡೆ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ, ಆ ಹೊತ್ತು ನನಗೆ ಬೇಕಾಗಿದ್ದದ್ದು ಅದೇ.

ಆಗ ಅವನು ಕೂಗಿದ. ನನ್ನನ್ನಲ್ಲ, ಹನುಮೇಶನನ್ನಲ್ಲ, ಅಷ್ಟು ಜನರಲ್ಲಿ ಒಬ್ಬರನ್ನೂ ಅಲ್ಲ.

"ವೆಂಕೋಬ! ಎಲ್ಲದಿ ವೆಂಕೋಬ? ಕಣ್ಣ ಹೊಂಟೂವಪ್ಪೋ! ಏನ ಹಾಕಬೇಕ ಹಾಕೋ, ನಿನಗ ಗೊತ್ತೈತಿ! ನಿನ್ನ ಕಾಲ ಹಿಡಿತೀನಿ, ಹಾಕೋ!"

ಊರು ಕೇಳಿಸಿಕೊಂಡಿತು. ವೆಂಕೋಬ ಮಣ್ಣಿನಿಂದ ಎದ್ದು ಕುಳಿತ. ಮಣಿಕಟ್ಟಿನಿಂದ ಮುಂದೆ ಜೋತು ಬಿದ್ದಿದ್ದ ಬಲಗೈಯನ್ನು ಎಡಗೈ ಮೇಲೆ ಇಟ್ಟುಕೊಂಡು, ಬಾಯಲ್ಲಿದ್ದ ರಕ್ತ ಉಗುಳಿದ.

"ನೀರ ಹಾಕಬೇಕ್ರಿ ಅಣ್ಣಾರ, ಭಾಳ ನೀರು. ಆದರ ಕ್ಯಾನ್ ಎತ್ತಾಕ ಬರವಲ್ದು," ಎಂದ. "ನನ್ನ ಕೈ ಮುರದೀರಿ."

ಅದರಲ್ಲಿ ಚುಚ್ಚು ಇರಲಿಲ್ಲ, ಸೇಡೂ ಇರಲಿಲ್ಲ. ಇದ್ದದ್ದನ್ನು ಹೇಳಿದ. ಕಲ್ಲೇಶನ ಒದ್ದಾಟ ಒಂದು ಗಳಿಗೆ ನಿಂತಿತು, ಅವನಿಗೆ ಅದು ಕೇಳಿಸಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇನು?

ಕ್ಯಾನ್ ಎತ್ತಿದ್ದು ನಾನು. ಅವನ ಕಣ್ಣಿನ ಮೇಲಿನ ಪ್ರೀತಿಗಲ್ಲ. ನೀರು ಕೈಯಲ್ಲಿಟ್ಟುಕೊಂಡು ಕೊಡದವರನ್ನು ಬೆಳಿಗ್ಗೆಯಷ್ಟೇ ನೋಡಿದ್ದೆ, ಅವರ ಸಾಲಿಗೆ ಸೇರುವುದು ನನಗೆ ಬೇಕಿರಲಿಲ್ಲ.

"ಬಗ್ಗು," ಎಂದೆ. ಮದುವೆಯಾದಾಗಿನಿಂದ ಅವನಿಗೆ ನಾನು ರೀ ಹಚ್ಚದೆ ಆಡಿದ ಮೊದಲ ಮಾತು ಅದು. ಅವನು ಬಗ್ಗಿದ.

"ರೆಪ್ಪಿ ಬಿಚ್ಚಿ ಹಾಕ್ರಿ ಅಕ್ಕಾರ, ನಿಲ್ಲಸಬ್ಯಾಡ್ರಿ," ಎಂದು ವೆಂಕೋಬ ಕುಳಿತಲ್ಲಿಂದಲೇ ಹೇಳಿದ. ಕಲ್ಲೇಶ ನನ್ನ ಜಡೆ ಹಿಡಿದಂತೆ ಅವನ ಕೂದಲು ಹಿಡಿದು, ರೆಪ್ಪೆ ಬಿಚ್ಚಿ, ಸುರಿದೆ. ಸಾಕು ಎಂದ. ಸಾಲದು ಎಂದೆ. ಬೆಳಿಗ್ಗೆ ನಾನು ಕೂಗಿದಾಗ ಒಂದು ತಂಬಿಗೆ ನೀರಿಗೂ ದಾರಿ ಬಿಡಲಿಲ್ಲ ಎಂಬುದನ್ನು, ನೀರು ಹಾಕುತ್ತಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಬಂದಿದ್ದ ಅತ್ತೆ ಗುಂಪಿನ ಹಿಂದೆಯೇ ನಿಂತರು, ಮುಂದೆ ಬರಲಿಲ್ಲ. ಕ್ಯಾನ್ ಖಾಲಿಯಾಯಿತು. ಹನುಮೇಶ ಹೇಳಿಸಿಕೊಳ್ಳದೆ ಇನ್ನೊಂದು ತಂದ. ಅದನ್ನೂ ಸುರಿದು ಮುಗಿಸಿ, ಗಂಡನನ್ನು ಅವನ ಜನರ ಕೈಗೆ ಬಿಟ್ಟು, ವೆಂಕೋಬನನ್ನು ಆಟೋ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಅವನ ಕೈಗೆ ಕಟ್ಟು ಹಾಕಿದರು, ನನ್ನ ಕಣ್ಣಿಗೆ ಪಟ್ಟಿ. ಕೇಸು ಬರೆದುಕೊಳ್ಳಲು ಬಂದ ಪೊಲೀಸಪ್ಪ ಮೊದಲು ವೆಂಕೋಬನ ಕೈ ನೋಡಿದ, ಆಮೇಲೆ ನನ್ನ ಮುಖ ನೋಡಿ ಪೆನ್ನು ಹಿಡಿದು ಗೊಂದಲದಲ್ಲಿ ನಿಂತ.

"ಯಾವದ ಬರಕೊಳ್ಳಲೆವ್ವಾ? ಇವರ ಕೈ ಮುರದದ್ದೋ, ನಿನ್ನ ಮುಖ ಸುಟ್ಟದ್ದೋ?"

"ಎರಡೂ ಬರ್ಕೊಳ್ರಿ," ಎಂದೆ. "ಮಾಡಿದಾಂವ ಒಬ್ಬನ."